ಅವಲಕ್ಕಿ ಚೂರು ಮತ್ತು ಪಾತ್ರಗಳ ಟೇಬಲ್

ನನ್ನ ಲ್ಯಾಪ್‌ಟಾಪಿನ ಎಂಟರ್ ಕೀಲಿಯ ಅಡಿಯಲ್ಲಿ ಒಂದು ಅವಲಕ್ಕಿ ಚೂರು ಸಿಕ್ಕಿಕೊಂಡಿದೆ. ಮುಂಬಯಿಯ ಬೊರಿವಲಿ ಲೋಕಲ್ ರೈಲಿನಲ್ಲಿ ಅಪರೂಪಕ್ಕೆ ಸೀಟು ಸಿಕ್ಕ ಸಂಭ್ರಮದಲ್ಲಿ ತಿಂಡಿಯನ್ನೂ ಕೆಲಸವನ್ನೂ ಒಂದೇ ತೊಡೆಯ ಮೇಲೆ ಹರಡಿಕೊಂಡ ಪಾಪದ ಫಲವದು. ಅಂದಿನಿಂದ ಆ ಕೀಲಿ ಮೊದಲ ಸಲ ಒತ್ತಿದರೆ ಓಗೊಡುವುದಿಲ್ಲ. ಎರಡನೆಯ ಸಲ ಗದರಿಸಿಯೇ ಒತ್ತಬೇಕು. ಮನುಷ್ಯನ ಮರುಯೋಚನೆಗೆಂದು ದೇವರೇ ಇಟ್ಟ ಚೂರು ಅದೆಂದು ಈಗ ಅನ್ನಿಸುತ್ತದೆ, ಗೆಳೆಯರೇ. ಆಗ ನನಗೆ ಅವಸರವಿತ್ತು.

ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರ ಮೇಲಿನ ಕೋಣೆಯಲ್ಲಿ, ಸಾಂಬಾರಿನ ಪರಿಮಳದ ನಡುವೆ ವೀರರಸವನ್ನು ಅಭ್ಯಾಸ ಮಾಡುವ ನಮ್ಮ ನಾಟಕ ಮಂಡಳಿ ಇದೆ. ಅಲ್ಲಿ ಎರಡು ಕಟ್ಟಳೆಗಳು: ಒಮ್ಮೆ ಮಾಡಿದ ಪಾತ್ರ, ತಾನಾಗಿ ಬಿಡುವ ತನಕ, ಮಾಡಿದವನದೇ; ಒಂದು ವರ್ಷ ಮಾತಿಲ್ಲದೆ ರಂಗದ ಮೇಲೆ ನಿಲ್ಲದವನಿಗೆ ಮಾತಿನ ಪಾತ್ರವಿಲ್ಲ. ಹೀಗಾಗಿ ರಾಜನ ಪಾತ್ರ, ಮೊಣಕಾಲು ನೋವಿನಿಂದ ಸಿಂಹಾಸನವನ್ನು ಎರಡು ಕಂತಿನಲ್ಲಿ ಏರುವ ಧಾರವಾಡದ ಜೋಶಿ ಮಾಮಾರದು. ನಾನು ಕಳೆದ ವರ್ಷ ದ್ವಾರಪಾಲಕನಾಗಿ, ಮೂಗು ತುರಿಸಿದರೂ ಅಲುಗಾಡದೆ, ಭರ್ಜಿ ಹಿಡಿದು ನಿಂತವನು. ರಿಹರ್ಸಲ್ ಮುಗಿದ ಮೇಲೆ ಅವರ ಗರ್ಜನೆಯನ್ನು, ನಡುವಿನ ಕೆಮ್ಮಿನ ಸಮೇತ, ಅನುಕರಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಕಿರೀಟ ನನಗೇ ಸಲ್ಲಬೇಕೆಂಬುದನ್ನು ನನ್ನ ವಿನಯವೂ ಒಪ್ಪಿತ್ತು.

ಒಂದು ದಿನ ಕಾರ್ಯದರ್ಶಿ ಶಕುಂತಲಕ್ಕ, "ಮಾರಾಯ, ನೀನು ಆಫೀಸಿನಲ್ಲಿ ಮಾಡುವುದು ಇದೇ ಕೆಲಸ ಅಲ್ಲವಾ? ಮಂಡಳಿಯ ಡೇಟಾಬೇಸಿನಲ್ಲಿ ಬೇಡದ ಟೇಬಲ್ ತುಂಬಾ ಉಂಟು, ತೆಗೆದುಬಿಡು," ಎಂದರು. ಹಿಂದಿನವರೊಬ್ಬರು ಉತ್ಸಾಹದಿಂದ ಕಟ್ಟಿ ಬಿಟ್ಟುಹೋದ ಪಟ್ಟಿಗಳವು. 'ತಾತ್ಕಾಲಿಕ', 'ತಾತ್ಕಾಲಿಕ ಎರಡು', 'ಕೊನೆಯದು', 'ನಿಜವಾದ ಕೊನೆಯದು' ಇತ್ಯಾದಿಗಳನ್ನು ಡ್ರಾಪ್ ಎಂಬ ಅಪ್ಪಣೆಯಿಂದ ಒಂದೊಂದಾಗಿ ಕಿತ್ತೆಸೆದೆ. ಅಳಿಸುವುದರಲ್ಲೊಂದು ರಾಜಗಾಂಭೀರ್ಯವಿದೆ, ಕಟ್ಟಲು ವರ್ಷಗಳು ಬೇಕು, ಕೆಡವಲು ಒಂದು ಸಾಲು ಸಾಕು, ಮತ್ತು ಆ ಸಾಲು ಬರೆದವನಿಗೆ ತಾನೇ ಏನನ್ನೋ ಕಟ್ಟಿದೆನೆಂಬ ಭ್ರಮೆ ಬೇರೆ.

ಆಮೇಲೆ ಬಂದದ್ದು 'ಪಾತ್ರಗಳು': ಯಾವ ವರ್ಷ ಯಾರು ಏನಾಗಿದ್ದರು ಎಂಬುದರ ಒಂದೇ ಒಂದು ದಾಖಲೆ. ಬೇಡದ್ದಲ್ಲವೆಂದು ಗೊತ್ತಿತ್ತು. ಆದರೆ ಜೋಶಿ ಮಾಮಾರ ಹಕ್ಕಿಗೆ ಆಧಾರ ಇದೇ ತಾನೇ ಎಂದುಕೊಂಡು ಡ್ರಾಪ್ ಎಂದೆ. ಡೇಟಾಬೇಸ್ ಒಪ್ಪಲಿಲ್ಲ. 'ವೇಷಭೂಷಣ'ದ ಟೇಬಲ್ ಇದನ್ನು ನೆಚ್ಚಿಕೊಂಡಿದೆ ಎಂದು, ಬಿಲ್ಡಿಂಗಿನ ಸೆಕ್ರೆಟರಿ ಎನ್‌ಒಸಿ ಪತ್ರ ತಡೆಹಿಡಿಯುವ ಧಾಟಿಯಲ್ಲಿ ಹೇಳಿತು. ಅದೇ ಧಾಟಿಯಲ್ಲಿ ಅದನ್ನೂ ಅಣಕಿಸಿ, ಕ್ಯಾಸ್ಕೇಡ್ ಎಂಬ ಪದ ಸೇರಿಸಿದೆ. ಅದು ಹಾಗೆ ನೆಚ್ಚಿಕೊಂಡ ನಂಟನ್ನೂ ಸೇರಿಸಿಯೇ ಕತ್ತರಿಸುತ್ತದೆ. ನಕಲು ಇಟ್ಟುಕೊಳ್ಳುವುದು ಪುಕ್ಕಲರ ಕೆಲಸವೆಂದು ಇಟ್ಟುಕೊಳ್ಳಲಿಲ್ಲ. ಎಂಟರ್ ಒತ್ತಿದೆ, ಓಗೊಡಲಿಲ್ಲ. ಗದರಿಸಿ ಒತ್ತಿದೆ. ವೇಷಭೂಷಣದಲ್ಲಿ, ಯಾರ ತಲೆಯದೆಂದು ತಿಳಿಯದ ಒಂದು ಕಿರೀಟದ ಅಳತೆ ಮಾತ್ರ ಉಳಿಯಿತು.

ಭಾನುವಾರ ಪಾತ್ರ ಹಂಚಿಕೆ. "ಲಿಸ್ಟೇ ಕಾಣುವುದಿಲ್ಲವಲ್ಲ," ಎಂದರು ಶಕುಂತಲಕ್ಕ. ಸ್ವಚ್ಛತೆಯಲ್ಲಿ ಹೋಗಿರಬೇಕೆಂದೆ, ಯಾವ ಉದ್ದೇಶದ ಸ್ವಚ್ಛತೆಯೆಂದು ಹೇಳಲಿಲ್ಲ.

"ಲಿಸ್ಟ್ ಯಾಕ್ ಬೇಕವಾ? ನಾ ರಾಜಾ, ನೀ ರಾಣಿ," ಎಂದರು ಜೋಶಿ ಮಾಮಾ. ಇಡೀ ಕೋಣೆ ನೆನಪಿಸಿಕೊಳ್ಳಲು ಶುರುಮಾಡಿತು: ಮಂತ್ರಿ ಯಾರು, ವಿದೂಷಕ ಯಾರು, ಯಾವ ವರ್ಷ ಯಾರ ಮೀಸೆ ಯಾವ ಅಂಕದಲ್ಲಿ ಉದುರಿತು. ಟೇಬಲ್ಲಿನಲ್ಲಿ ಇದರ ಅರ್ಧವೂ ಇರಲಿಲ್ಲ.

"ತಮ್ಮಾ, ನೀ ಹ್ವಾದ ವರ್ಷ ಏನ್ ಮಾಡಿದ್ದಿ?"

"ದ್ವಾರಪಾಲಕ, ಮಾಮಾ."

"ದ್ವಾರಪಾಲಕ ಇದ್ನೇನು?" ಅವರು ಸುತ್ತ ನೋಡಿದರು. ಯಾರಿಗೂ ನೆನಪಾಗಲಿಲ್ಲ. "ನೀ ನನ್ನ ಕೆಮ್ಮು ಮಾಡಿ ತೋರಸ್ತಿದ್ದಿ, ಅದು ನೆನಪದ."

"ದಾಖಲೆ ಉಂಟಾ?" ಎಂದರು ಶಕುಂತಲಕ್ಕ, ನಿಜವಾದ ಮರುಕದಿಂದ.

ನಾನು ಅಲುಗಾಡದೆ ನಿಂತಿದ್ದೆನೆಂದು ಹೇಳುತ್ತಿದ್ದ ಸಾಲು ಲೋಕದಲ್ಲಿ ಒಂದೇ ಇತ್ತು. ಊರವರ ದನಿಗಳನ್ನೆಲ್ಲ ಕದ್ದವನ ಪಾಲಿಗೆ ಸ್ವಂತದ್ದಾಗಿದ್ದುದು ಆ ಒಂದು ವರ್ಷದ ಮೌನ, ಅದನ್ನೇ ಅಳಿಸಿಕೊಂಡಿದ್ದೆ. ದಾಖಲೆಯಿಲ್ಲದ ನಾನು ಮತ್ತೆ ಹೊಸಬನಾದೆ, ಹೊಸಬರಿಗೆ ಮಂಡಳಿಯಲ್ಲಿ ಸಿಗುವುದು ಪರದೆಯ ಹಗ್ಗ.

ಟೇಬಲ್ಲನ್ನು ನಾನೇ ಮತ್ತೆ ಕಟ್ಟಿದೆ, ಎಲ್ಲರನ್ನೂ ಕೇಳಿ ಕೇಳಿ. ಕೊನೆಯ ಸಾಲಿನಲ್ಲಿ ನನ್ನ ಹೆಸರು, ಅದರ ಮುಂದೆ 'ಪರದೆ ಎಳೆಯುವವನು' ಎಂದು ಬರೆದು ಎಂಟರ್ ಒತ್ತಿದೆ. ಓಗೊಡಲಿಲ್ಲ. ಚೂರನ್ನು ಗುಂಡುಸೂಜಿಯಿಂದ ತೆಗೆಯಬಹುದು, ತೆಗೆದಿಲ್ಲ. ಸಾಲನ್ನು ಮತ್ತೊಮ್ಮೆ ಓದಿಕೊಂಡು, ಈ ಸಲ ಗದರದೆ, ಎರಡನೆಯ ಸಲ ಒತ್ತಿದೆ.