ಕಬ್ಬಿನ ಟ್ರ್ಯಾಕ್ಟರು ಹೊಕ್ಕ ಓಣಿ

ಮೊಮ್ಮಕ್ಕಳೇ, ಲೈಸೆನ್ಸಿಗೆಂದು ನೀವು ತಂದಿಟ್ಟ ಪುಸ್ತಕ ಮೊನ್ನೆ ನನ್ನ ಕೈಗೆ ಸಿಕ್ಕಿತು. ಒಂದು ಪುಟದ ತುಂಬ ಕೆಂಪು ದುಂಡುಗಳು. ಒಂದರೊಳಗೆ ಲಾರಿಯ ಚಿತ್ರ, ಅದರ ಮೇಲೆ ಅಡ್ಡಗೆರೆ. ನೋಡಿದೊಡನೆ ಬಾಜೂ ಮನೆಯ ಕಾಕಾ ನೆನಪಾದರು...

ಅವರು ಕುಲಗೋಡದ ಸಾವಕಾರರೊಬ್ಬರ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದರು. ಆಗ ನಿಮ್ಮಪ್ಪನಿಗೆ ಎರಡು ವರ್ಷ, ಮೂರು ದಿನದಿಂದ ಜ್ವರ. ನಿಮ್ಮಜ್ಜ ಕುರಿ ಹೊಡೆದುಕೊಂಡು ಹುಕ್ಕೇರಿ ಕಡೆ ಹೋಗಿದ್ದರು. ದವಾಖಾನೆ ಬೇಡವೆಂದಿದ್ದ ಅತ್ತೆ ಹೊಲಕ್ಕೆ ಹೋದದ್ದೇ ನಾನು ಕೂಸನ್ನೆತ್ತಿಕೊಂಡು ರಸ್ತೆಗೆ ಬಂದೆ. ಗೋಕಾಕದ ಬಸ್ಸು ಹೋಗಿಬಿಟ್ಟಿತ್ತು. ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಬಂದ ಕಾಕಾ ನಿಲ್ಲಿಸಿದರು. ಗಾಡಿಯ ಮೇಲೆ ಯಾರನ್ನೂ ಕೂರಿಸಬಾರದೆಂದು ಸಾವಕಾರರು ಹೇಳಿದ್ದರೂ ನನ್ನನ್ನು ಹತ್ತಿಸಿಕೊಂಡರು.

ನಾನು ಅಳುತ್ತಿದ್ದೆನೆಂದು ದಾರಿಯುದ್ದಕ್ಕೂ ಬೋರ್ಡುಗಳನ್ನು ತೋರಿಸುತ್ತ ಬಂದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಬೋರ್ಡು ಮಾತ್ರ ಒಂದೂ ತಪ್ಪುತ್ತಿರಲಿಲ್ಲ.

“ಕೆಂಪು ದುಂಡಗ ಇತ್ತಂದ್ರ ಬ್ಯಾಡ ಅಂತ ತಿಳಕೋ ತಂಗಿ. ನಿಮ್ಮತ್ತಿ ಇದ್ದಂಗ.”

ಅಳುವಿನಲ್ಲೂ ನಕ್ಕೆ.

ದವಾಖಾನೆಯ ಓಣಿಯ ಬಾಯಲ್ಲಿ ಅದೇ ಬೋರ್ಡು, ಲಾರಿಯ ಮೇಲೆ ಅಡ್ಡಗೆರೆ. ಕಾಕಾ ಗಾಡಿ ನಿಲ್ಲಿಸಿ ಅದನ್ನು ನೋಡಿದರು. ನನ್ನ ತೊಡೆಯ ಮೇಲೆ ಕೂಸು ಕಣ್ಣು ಮೇಲೆ ಮಾಡಿತ್ತು. ಅವರು ಒಳಗೆ ತಿರುಗಿಸಿದರು.

ದವಾಖಾನೆಯ ಮುಂದೆ ನನ್ನನ್ನು ಇಳಿಸಿ ಮುಂದೆ ಹೋದರು. ಕೂಸಿಗೆ ಸೂಜಿ ಮಾಡಿಸಿ ಹೊರಬಂದಾಗ, ಓಣಿಯ ತಿರುವಿನಲ್ಲಿ ಗಾಡಿ ಸಿಕ್ಕಿಬಿದ್ದಿತ್ತು. ಎರಡು ಟ್ರೇಲರಿನ ಗಾಡಿಯನ್ನು ಹಿಂದಕ್ಕೆ ತೆಗೆಯಲಾಗುವುದಿಲ್ಲ. ಎರಡೂ ಬದಿ ಗೋಡೆ, ಹಿಂದೆ ಮುಂದೆ ಹಾರ್ನು. ಕಬ್ಬು ಇಳಿಸುತ್ತಿದ್ದರು. ಸುದ್ದಿ ಮುಟ್ಟಿ ಸಾವಕಾರರೂ ಬಂದಿದ್ದರು.

“ಬೋರ್ಡ ಕಾಣಲಿಲ್ಲೇನೋ?” ಎಂದು ಕೇಳಿದರು.

ಕಾಕಾ ನನ್ನ ಕಡೆ ಒಮ್ಮೆ ನೋಡಿದರು. ನಾನು ಸೆರಗು ಮುಂದಕ್ಕೆಳೆದುಕೊಂಡೆ.

“ಇಲ್ರಿ ಸಾವಕಾರ. ಈಗೀಗ ಕಣ್ಣು ಮಂಜ ಆಗ್ಯಾವ.”

“ಹಂಗಾರ ಕೀಲಿ ಕೊಡು.”

ಕೊಟ್ಟರು.

ಖರೆ ಹೇಳಿದ್ದರೆ ಅವರ ಕೆಲಸ ಉಳಿಯುತ್ತಿತ್ತೋ ಏನೋ. ಆದರೆ ಗಂಡ ಊರಲ್ಲಿಲ್ಲದಾಗ ನಾನು ಒಬ್ಬಳೇ ಪರರ ಗಾಡಿ ಹತ್ತಿದ್ದು ಊರಿಗೆಲ್ಲ ಗೊತ್ತಾಗುತ್ತಿತ್ತು. ಅಷ್ಟು ಗಂಡಸರ ಮುಂದೆ ನನಗೆ ಬಾಯಿ ಬರಲಿಲ್ಲ...

ಆಮೇಲೆ ಯಾರೂ ಅವರ ಕೈಗೆ ಗಾಡಿ ಕೊಡಲಿಲ್ಲ. ಮಂದಿಯ ಹೊಲಕ್ಕೆ ನೀರು ಹಾಯಿಸುತ್ತ ಇದ್ದರು. ಎದುರು ಸಿಕ್ಕಾಗಲೆಲ್ಲ ಕೂಸು ಹೇಗಿದೆ ಎಂದಷ್ಟೇ ಕೇಳುತ್ತಿದ್ದರು. ನನ್ನ ಅತ್ತೆ ಹೋದರು, ನಿಮ್ಮಜ್ಜನೂ ಹೋದರು. ಆಗಲೂ ನಾನು ಹೇಳಲಿಲ್ಲ.

ಹೋದ ವರ್ಷ ಕಾಕಾ ತೀರಿಕೊಂಡರು. ಮಣ್ಣಿಗೆ ಬಂದವರು ಕಣ್ಣು ಕಾಣದ ಡ್ರೈವರ್ ಎಂದೇ ಅವರನ್ನು ನೆನೆದರು. ನಾನು ಹೆಂಗಸರ ಹಿಂದೆ ನಿಂತಿದ್ದೆ. ಯಾರಿಗೆ ಹೇಳಬೇಕಿತ್ತೋ ಅವರ್ಯಾರೂ ಈಗಿಲ್ಲ. ನಿಮಗೆ ಹೇಳುತ್ತೇನೆ: ಕಾಕಾನ ಕಣ್ಣು ಚೆನ್ನಾಗಿದ್ದವು.