ಮೈಕ್‌ನಲ್ಲಿ ಕೊಟ್ಟ ಔಟು

ಹೊನ್ನವಳ್ಳಿಯ ಟೆನಿಸ್‌ಬಾಲ್ ಕ್ರಿಕೆಟ್‌ಗೆ ಕಾಮೆಂಟರಿ ಹೇಳುತ್ತಿದ್ದವರು ಕೊಬ್ಬರಿ ಹರಾಜು ಕೂಗಿ ದನಿ ಪಳಗಿಸಿಕೊಂಡವರು. ಮೈಕ್‌ಗೆ ಮೂರು ಸಲ ಊದಿ, ಕನ್ನಡಕ ತೆಗೆದು ಜೇಬಿಗಿಟ್ಟು ಶುರು ಮಾಡುತ್ತಿದ್ದರು. ಕನ್ನಡಕ ಮೂಗು ಒತ್ತಿದರೆ ದನಿ ಕಟ್ಟುತ್ತದೆಂದು ಅವರ ನಂಬಿಕೆ. ತಪ್ಪು ತೋರಿಸಿದವರಿಗೆಲ್ಲ ಒಂದೇ ಉತ್ತರ: "ಮೈಕ್‌ನಾಗೆ ಹೇಳಾಯ್ತು, ಬುಡು." ಅಂಪೈರ್ ಕೂಡ ಅವರ ಮಾತು ಕೇಳಿಯೇ ಬೆರಳೆತ್ತುತ್ತಿದ್ದ.

ಒಂದು ಫೈನಲ್‌ನಲ್ಲಿ ನಮ್ಮ ಎದುರಾಳಿ ಕಂದಿಕೆರೆ, ಬಹುಮಾನ ಟಗರು. ಕೊನೆಯ ಬಾಲಿಗೆ ನಾಲ್ಕು ರನ್ ಬೇಕಿತ್ತು. ನಾನು ಹೊಡೆದ ಚೆಂಡು ಬೌಂಡರಿಯಾಚೆಯ ತೆಂಗಿನ ಮರದ ಗರಿಗಳಲ್ಲಿ ಸಿಕ್ಕಿಕೊಂಡಿತು. ಅದರ ಬದಲು ಚೆಂಡಿನಷ್ಟೇ ಗಾತ್ರದ ಎಳೆಗಾಯಿಯೊಂದು ಉದುರಿತು. ಗೆರೆಯ ಬಳಿಯಿದ್ದ ಕಂದಿಕೆರೆ ಕ್ಯಾಪ್ಟನ್ ಅದನ್ನೇ ಹಾರಿ ಹಿಡಿದ.

"ಅದ್ಭುತ ಕ್ಯಾಚ್, ಔಟ್," ಎಂದಿತು ಮೈಕ್. ಅಂಪೈರ್ ಬೆರಳೆತ್ತಿದ.

ನಾನು ಆ ಕಾಯಿ ತಂದು ಕಾಮೆಂಟರಿಯವರ ಮುಂದೆ ಹಿಡಿದೆ. "ಇದು ತೆಂಗಿನಕಾಯಿ ಕಣಣ್ಣ."

ಮೂಸಿ ನೋಡಿದರು. "ಹೂಂ ಕಣ್ಲಾ, ಕಾಯೇ. ಆದ್ರೆ ಮೈಕ್‌ನಾಗೆ ಹೇಳಾಯ್ತು, ಬುಡು."

ಮೂರು ತಿಂಗಳ ಮೇಲೆ ಆ ಮರದ ಕಾಯಿ ಕೀಳುವಾಗ ಚೆಂಡೂ ಬಿತ್ತು. ಆಗ ಕಾಮೆಂಟರಿಯವರು ಆಟೋದಲ್ಲಿ ಕೂತು ಕಣ್ಣಿನ ತಪಾಸಣೆ ಶಿಬಿರದ ಪ್ರಚಾರ ಮಾಡುತ್ತಿದ್ದರು. ಚೆಂಡನ್ನು ಕೈಗಿಟ್ಟೆ. ಕನ್ನಡಕ ಹಾಕಿ, ತಿರುಗಿಸಿ ನೋಡಿ, ಮೈಕ್‌ಗೆ ಊದಿದರು. "ಹೋದ ಫೈನಲ್ ಕೊನೇ ಬಾಲು ಸಿಕ್ಸರ್ ಕಣ್ರಪ್ಪ. ಹೊನ್ನವಳ್ಳಿ ಗೆದ್ದೈತೆ."

ನಾವು ಅಂದೇ ಬೈಕ್ ಹತ್ತಿ ಕಂದಿಕೆರೆಗೆ ಹೋದೆವು.

"ಮೈಕ್‌ನಾಗೆ ಹೇಳಾಯ್ತು ಕಣ್ಲಾ, ಟಗರು ಕೊಡು," ಎಂದೆ ಕ್ಯಾಪ್ಟನ್‌ಗೆ.

ಅವನು ಹೊಟ್ಟೆ ಸವರಿಕೊಂಡ. "ಅವತ್ತೇ ಉಂಡಾಯ್ತು, ಬುಡು."