ಅಂತರಿಕ್ಷದ ಮೋಡಕ್ಕೆ ಒದ್ದೆ ಬಟ್ಟೆ

ಕಳೆದ ವಾರ ನಾನು ನಕ್ಷತ್ರಗಳ ನಡುವಿನ ಒಂದು ಮೋಡವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟೆ. ನಗಬೇಡಿ. ನಮ್ಮ ಮನೆಯಲ್ಲಿ ಇನ್ನೂ ಯಾರೂ ನಕ್ಕಿಲ್ಲ.

ಮಗಳು ಪಲ್ಲವಿ ಒಂಬತ್ತನೇ ಕ್ಲಾಸು. ಲಿಂಗಸುಗೂರಿನಲ್ಲಿ ವಿಜ್ಞಾನ ಪ್ರದರ್ಶನ, ಗೆದ್ದರೆ ರಾಯಚೂರಿಗೆ. ಅಂತರಿಕ್ಷದ ಮೋಡಗಳಲ್ಲಿ ನೀರು ಹೇಗೆ ಹುಟ್ಟುತ್ತದೆ ಅನ್ನುವುದು ಅವಳ ಮಾಡೆಲ್. ಸೀರೆ ಡಬ್ಬಿಗೆ ಕಪ್ಪು ಬಣ್ಣ ಬಳಿದು, ಹೈಡ್ರೋಜನ್, ಆಕ್ಸಿಜನ್‌ಗೆಂದು ಎರಡು ಬಣ್ಣದ ಮಣಿ ಅಂಟಿಸಿ, ನಡುವೆ ಧೂಳೆಂದು ಬೂದಿ ಉದುರಿಸಿದ್ದಳು. ಆ ಧೂಳೇ ಹೀರೋ. ಅಲ್ಲಿಯ ವಿಪರೀತ ಚಳಿಯಲ್ಲಿ, ಅಷ್ಟು ಖಾಲಿ ಜಾಗದಲ್ಲಿ, ಇವೆರಡೂ ಸುಮ್ಮನೆ ಭೇಟಿಯಾಗುವುದು ಕಷ್ಟ. ಧೂಳಿನ ಕಣದ ಮೇಲೆ ಬಂದು ಕೂರುತ್ತವೆ, ಅಲ್ಲೇ ಕೂಡಿ ನೀರಾಗುತ್ತವೆ, ಮಂಜುಗಡ್ಡೆಯಾಗಿ ಅಂಟಿಕೊಳ್ಳುತ್ತವೆ. ನಾವು ಕುಡಿಯುವ ನೀರಿನಲ್ಲೂ ಅದರ ಪಾಲಿದೆಯಂತೆ.

ಧೂಳಿಗೇನು ಬರವೇ? ನಮ್ಮದು ಸಿಂಧನೂರು. ರೈಸ್ ಮಿಲ್ಲಿನ ಹೊಟ್ಟಿನ ಬೂದಿ ಮಾಳಿಗೆ ಮೇಲೆ, ಒಣಹಾಕಿದ ಅಂಗಿ ಮೇಲೆ, ಟಿವಿ ಮೇಲೆ. ಎದ್ದ ಕೂಡಲೇ ಬಟ್ಟೆ ಹಿಡಿದು ಕಂಡದ್ದನ್ನೆಲ್ಲ ಒರೆಸುವುದು ಇಲ್ಲಿಯ ರೂಢಿ (ಹಲ್ಲುಜ್ಜುವುದು ಆಮೇಲೆ). ಅವತ್ತೂ ಟೇಬಲ್ ಒರೆಸಿದೆ, ಟಿವಿ ಒರೆಸಿದೆ, ತೆರೆದಿದ್ದ ಸೀರೆ ಡಬ್ಬಿಯನ್ನೂ ನೀಟಾಗಿ ಒರೆಸಿ ಮುಚ್ಚಳ ಹಾಕಿದೆ. ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟೆ.

ಲಿಂಗಸುಗೂರಿನಲ್ಲಿ ಮುಚ್ಚಳ ತೆಗೆದರೆ ಮಣಿಗಳು ಫಳಫಳ.

“ಅಪ್ಪಾ, ಬೂದಿ ಎಲ್ಲಿ ಹೋತು?”

“ಒರೆಸೀನವಾ. ಹೊಲಸಾಗಿತ್ತಲ್ಲ.”

“ಧೂಳ ಇಲ್ದ ನೀರ ಹ್ಯಾಂಗ ಆಗ್ತೈತಿ?”

ಅವಳ ಕಣ್ಣು ತುಂಬಿತ್ತು. ನನ್ನ ಮೇಲೆ ನನಗೇ ರೇಗಿತು. ಇಷ್ಟು ವರ್ಷ ಬೈದುಕೊಂಡ ಬೂದಿ, ಬೇಕಾದಾಗ ಒಂದು ಚಿಟಿಕೆ ಇಲ್ಲ! ಕೊನೆಗೆ ಬೈಕಿನ ಸೀಟು ಎತ್ತಿ, ಸಂದಿಯಲ್ಲಿ ಕೂತಿದ್ದನ್ನು ಕೆರೆದು ತಂದುಕೊಟ್ಟೆ. ಉದುರಿಸಿದಳು.

ತೀರ್ಪುಗಾರರು ಬಂದರು. ಡಬ್ಬಿಯೊಳಗೆ ಬೆರಳಾಡಿಸಿ ಮುಖ ಸಿಂಡರಿಸಿದರು.

“ಏನವಾ, ಇಷ್ಟು ಧೂಳು ಕುಂತೈತಿ. ಒರಸ್ಕೊಂಡು ತರಬಾರದೇನು?”

“ಸರ್, ಧೂಳ ಇಲ್ಲಂದ್ರ ನೀರ ಆಗಂಗಿಲ್ರಿ.”

“ಅದು ಖರೆ. ಆದ್ರ ಸ್ವಚ್ಛತೆಗೂ ಮಾರ್ಕ್ಸ್ ಅದಾವಲ್ಲ.”

ಹಾಗಂದವರು ಬೆರಳು ತೊಳೆಯಲು ನೀರು ತರಿಸಿದರು. ಆ ನೀರು ಎಲ್ಲಿಂದ ಬಂತು? ಅದನ್ನು ಹೇಳಲೆಂದೇ ಹುಡುಗಿ ನಿಂತಿದ್ದಳು. ಕೇಳಲು ಅವರು ನಿಲ್ಲಲಿಲ್ಲ. ರಾಯಚೂರಿಗೆ ಆಯ್ಕೆಯಾದದ್ದು ಪಕ್ಕದ ಟೇಬಲ್ಲಿನ, ಒಂದು ಚೂರೂ ಧೂಳಿಲ್ಲದ ಜ್ವಾಲಾಮುಖಿ.

ವಾಪಸ್ ಬರುವಾಗ ಮಸ್ಕಿಯಲ್ಲಿ ಚಹಾಕ್ಕೆ ನಿಂತೆವು. ತೀರ್ಪುಗಾರರಿಗೆ ಮನಸಾರೆ ಬೈದೆ. ಪಲ್ಲವಿ ಎಲ್ಲ ಕೇಳಿಸಿಕೊಂಡು, ಬಿಸ್ಕತ್ತು ಅದ್ದುತ್ತಾ ಅಂದಳು:

“ಅವ್ರು ಒಂದು ಬೆರಳಷ್ಟು ಒರೆಸಿದ್ರಪ್ಪಾ. ನೀ ಪೂರಾ ಒರೆಸಿದ್ದಿ.”